ಸೇಫ್ಟಿ ವಾಲ್ವಿಗೆ ಕಟ್ಟಿದ ಕುಂಬಳಕಾಯಿ

ಬಾಯ್ಲರ್ ತಪಾಸಣೆಯ ಸರ್ಕಾರಿ ನೌಕರಿಯಲ್ಲಿ ನಾನು ಮೊದಲು ಕಲಿತದ್ದು ಯಾರ ಮಾತನ್ನೂ ನಂಬಬಾರದು ಎನ್ನುವುದನ್ನು. ಎಣ್ಣೆ ಗಿರಣಿಯ ಮಾಲೀಕ ಮೊನ್ನೆಯಷ್ಟೇ ಒಳಗೆಲ್ಲ ತೊಳೆಸಿದ್ದೇವೆ ಎಂದು ಕೈಮುಗಿದರೆ, ಅವನ ಕೈಯಿಂದಲೇ ಮುಚ್ಚಳ ತೆಗೆಸಿ ಬ್ಯಾಟರಿ ಬಿಟ್ಟು ನೋಡುತ್ತಿದ್ದೆ. ಚಹಾ ಕುಡಿದು ಹೋಗಿ ಮೇಡಂ ಎಂದರೆ, ಈ ಚಹಾ ಯಾಕೆ, ಏನು ಮುಚ್ಚಿಟ್ಟಿದ್ದಾನೆ ಎಂದು ಇನ್ನೊಂದು ಸುತ್ತು ಹಾಕುತ್ತಿದ್ದೆ. ಬಾಯ್ಲರ್ ಒಡೆದ ಮೇಲೆ ಅದರ ಪಕ್ಕದಲ್ಲಿ ನಿಂತಿದ್ದವರ ಹತ್ತಿರ ಕ್ಷಮೆ ಕೇಳಲು ಆಗುವುದಿಲ್ಲವಲ್ಲ. ಈ ಬುದ್ಧಿ ಸಂಜೆ ಆಫೀಸಿಗೆ ಬೀಗ ಹಾಕಿದಾಗ ಅಲ್ಲೇ ಉಳಿಯಲಿಲ್ಲ, ನನ್ನ ಜೊತೆ ಮನೆಗೂ ಬಂತು. ತರಕಾರಿಯವಳ ತಕ್ಕಡಿ, ಕೆಲಸದವಳ ಜ್ವರ, ಬಳಗದ ಹುಡುಗಿಯನ್ನು ನೋಡಲು ಬಂದ ವರನ ನೌಕರಿ, ಯಾವುದನ್ನೂ ನಾನು ಸುಮ್ಮನೆ ಒಪ್ಪಿಕೊಂಡವಳಲ್ಲ. ನನಗೆ ಅನುಮಾನದ ಪಿಶಾಚಿ ಎಂದು ಹೆಸರಿಟ್ಟವನು ನನ್ನ ಅಣ್ಣ. ಆ ಹೆಸರು ಇಡೀ ಬಳಗದಲ್ಲಿ ನಿಂತುಬಿಟ್ಟಿತು.

ಅಣ್ಣ ರೈಲ್ವೆಯವನು. ಮೀಸೆ ಮೂಡುವ ವಯಸ್ಸಿನಲ್ಲಿ ವಾಡಿ ಜಂಕ್ಷನ್ನಿನ ಶೆಡ್ಡಿನಲ್ಲಿ ಉಗಿ ಎಂಜಿನ್ ಒರೆಸುವ ಕೆಲಸಕ್ಕೆ ಸೇರಿ, ಆಮೇಲೆ ಫೈರ್‌ಮನ್ ಆದ. ಫೈರ್‌ಮನ್ ಎಂದರೆ ಬೆಂಕಿಗೆ ಕಲ್ಲಿದ್ದಲು ಎಸೆಯುವವನು, ಬಾಯ್ಲರಿನ ನೀರು ನೋಡಿಕೊಳ್ಳುವವನು. ರಜೆಗೆ ಮನೆಗೆ ಬಂದರೆ ಅವ್ವ ಅವನನ್ನು ಒಳಗೆ ಬಿಡದೆ ಅಂಗಳದಲ್ಲೇ ಸ್ನಾನ ಮಾಡಿಸುತ್ತಿದ್ದಳು, ನೀರು ಕಪ್ಪಗೆ ಹರಿಯುತ್ತಿತ್ತು. ಕಾಲೇಜಿಗೆ ಹೋಗುತ್ತಿದ್ದ ನಾನು ಅವನ ಸುತ್ತ ಸುತ್ತಿ ಉಗಿ ಹೇಗೆ ಗಾಲಿ ತಿರುಗಿಸುತ್ತದೆ, ಒತ್ತಡ ಹೆಚ್ಚಾದರೆ ಏನಾಗುತ್ತದೆ ಎಂದು ಪೀಡಿಸುತ್ತಿದ್ದೆ. ನಾನು ಬಾಯ್ಲರುಗಳ ಕಡೆ ಹೊರಳಿದ್ದೇ ಅವನಿಂದ.

ಎಂಜಿನ್ ಓಡಿಸುವ ಹಿಡಿಕೆಗೆ ರೆಗ್ಯುಲೇಟರ್ ಎನ್ನುತ್ತಾರೆ. ಅದರ ಮೇಲೆ ಡ್ರೈವರನ ಕೈ ಮಾತ್ರ. ಅಣ್ಣನ ಸರದಿ ಬರುವ ಹೊತ್ತಿಗೆ ಉಗಿ ಎಂಜಿನ್‌ಗಳ ಕಾಲವೇ ಮುಗಿಯಿತು. ಮುಂದೆ ನಿವೃತ್ತಿಯವರೆಗೂ ಡೀಸೆಲ್ ಗಾಡಿ ನಡೆಸಿದ, ಆದರೆ ಅದನ್ನು ಎಂಜಿನ್ ನಡೆಸಿದ್ದು ಎಂದು ಅವನು ಒಪ್ಪಲೇ ಇಲ್ಲ. ಬಸ್ಸು ಓಡಿಸಿದೆ ಎನ್ನುತ್ತಿದ್ದ. ಸಾಯುವುದರೊಳಗೆ ಒಂದು ಸಲ ಉಗಿ ಎಂಜಿನ್ನಿನ ರೆಗ್ಯುಲೇಟರನ್ನು ತನ್ನ ಕೈಯಾರೆ ತೆರೆಯಬೇಕು ಎನ್ನುವುದು ಅವನ ಆಸೆ. ಮಗಳ ಮದುವೆಯಾಯಿತು, ಶರಣಸಿರಸಗಿಯ ಹೊಸ ಲೇಔಟಿನಲ್ಲಿ ಮನೆಯಾಯಿತು, ಆದರೂ ಊಟಕ್ಕೆ ಕೂತರೆ ಅದೇ ಮಾತು.

ಆ ಆಸೆಗೆ ದಾರಿ ತೆರೆದದ್ದು ಕಲಬುರಗಿಯ ಒಂದು ಮ್ಯೂಸಿಯಮ್ಮಿನ ಅಂಗಳದಲ್ಲಿ ನಿಂತಿದ್ದ ಪುಟ್ಟ ಎಂಜಿನ್. ಒಂದು ಕಾಲಕ್ಕೆ ಗಣಿಯಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲು ಎಳೆಯುತ್ತಿದ್ದ ಎಂಜಿನ್ ಅದು. ಒಂದು ಟ್ರಸ್ಟಿನವರು ಅದನ್ನು ಕಮಲಾಪುರಕ್ಕೆ ಸಾಗಿಸಿ, ಹೆದ್ದಾರಿಗೆ ಹತ್ತಿದ ಬಾಳೆತೋಟದ ಮಗ್ಗುಲಲ್ಲಿ ಶೆಡ್ಡು ಕಟ್ಟಿ, ಸುತ್ತ ಹಳಿ ಹಾಕಿಸಿದರು. ಮತ್ತೆ ಉಗಿ ಎಬ್ಬಿಸಿ, ಶಾಲೆಯ ಮಕ್ಕಳನ್ನು ಕೂರಿಸಿ ಓಡಿಸುವುದು ಅವರ ವಿಚಾರ. ಓಡಿಸಲು ಅಣ್ಣ ಬೇಕೆಂದರು. ಸರ್ಕಾರದ ಇನ್‌ಸ್ಪೆಕ್ಟರ್ ಬರುವ ಮುಂಚೆ ಒಮ್ಮೆ ನೋಡಿ ಹೇಳಲು, ಆಗಷ್ಟೇ ನಿವೃತ್ತಳಾಗಿದ್ದ ನಾನು ಬೇಕೆಂದರು. ಅಣ್ಣ ನಿಂತ ಕಾಲಲ್ಲೇ ಹೂಂ ಎಂದ. ನಾನೂ ಹೂಂ ಎಂದೆ, ಆದರೆ ನನ್ನ ಕಾರಣ ಬೇರೆ. ನನ್ನ ಅಣ್ಣ ಎದುರು ನಿಲ್ಲಬೇಕಾದ ಬಾಯ್ಲರನ್ನು ಬೇರೆ ಯಾರೋ ನೋಡಿ ಸರಿಯಿದೆ ಎಂದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಎಂಜಿನ್ ನೋಡಿದ ದಿನ ನನ್ನ ಸಂಶಯ ಇನ್ನೂ ಹೆಚ್ಚಿತು. ಮ್ಯೂಸಿಯಮ್ಮಿನಲ್ಲಿ ಪ್ರತಿ ದಸರೆಗೂ ಹಳೆಯದನ್ನು ಕೆರೆಯದೆ ಅದರ ಮೇಲೆ ಒಂದು ಕೋಟು ಕಪ್ಪು ಬಣ್ಣ ಬಳಿದಿದ್ದರು. ಚಾಕುವಿನಿಂದ ಎಬ್ಬಿಸಿದರೆ ಬಣ್ಣ ಉಳ್ಳಾಗಡ್ಡಿಯ ಸಿಪ್ಪೆಯ ಹಾಗೆ ಪದರು ಪದರಾಗಿ ಬಂತು. ಒಳಗಿನ ಕೆಸರು ತೊಳೆಯಲೆಂದು ಬಿಟ್ಟ ಕಿಂಡಿಗಳಿಗೆ ಸಿಮೆಂಟು ಮೆತ್ತಿ, ಅದರ ಮೇಲೂ ಬಣ್ಣ. ಬೆಂಕಿಗೂಡಿನೊಳಗೆ ಪಾರಿವಾಳದ ಗೂಡು, ಚಿಪ್ಸಿನ ಖಾಲಿ ಪಾಕೀಟುಗಳು, ಯಾರದೋ ಒಂಟಿ ಚಪ್ಪಲಿ. ಹೊರಗಿನ ಹಿತ್ತಾಳೆ ಮಾತ್ರ ಫಳಫಳ. ಟ್ರಸ್ಟಿನ ಅಧ್ಯಕ್ಷರು ಆ ಹಿತ್ತಾಳೆ ತೋರಿಸಿ, ನೋಡಿ ಎಷ್ಟು ಚೆನ್ನಾಗಿ ಕಾಪಾಡಿದ್ದಾರೆ ಎಂದರು. ನಾನು ಒತ್ತಡ ತೋರಿಸುವ ಗಡಿಯಾರದಂಥ ಮೀಟರಿಗೆ ಬೆರಳಿನಿಂದ ಬಡಿದೆ. ಮುಳ್ಳು ಕಳಚಿ ಕೆಳಗೆ ಬಿತ್ತು.

ದುರಸ್ತಿಗೆ ಸೋಲಾಪುರದ ಕಡೆಯ ಗುತ್ತಿಗೆದಾರನೊಬ್ಬ ಬಂದಿದ್ದ. ಬಾಯಿ ತುಂಬ ನಗು, ಮಾತಿಗೊಮ್ಮೆ ಅಕ್ಕಾರ ಎನ್ನುತ್ತಿದ್ದ. ಇಷ್ಟು ನಗುವವನ ಮೇಲೆ ಒಂದು ಕಣ್ಣಿಡಬೇಕು ಎಂದುಕೊಂಡೆ. ಬೆಂಕಿಯ ಬಿಸಿ ಹಾಯುವ ಕೊಳವೆಗಳನ್ನೆಲ್ಲ ಹೊಸದಾಗಿ ಹಾಕಿದ್ದೇನೆ ಎಂದ. ಕಣ್ಣಿಗೆ ಬೀಳುವ ತುದಿಯಲ್ಲಿ ಹೊಸದು, ಒಳಗೆ ಹಳೆಯದಕ್ಕೇ ಬೆಸುಗೆ, ಇಂಥ ಆಟಗಳನ್ನು ಸಾಕಷ್ಟು ಕಂಡವಳು ನಾನು. ನಡುವಿನದೊಂದು ಕೊಳವೆ ಕೀಳಿಸಿದೆ. ಅಡಿಯಿಂದ ಮುಡಿಯವರೆಗೆ ಹೊಸದು. ಅವನು ಬೇಸರಪಡದೆ ಇನ್ನೊಂದು ಕೀಳಲೇನು ಎಂದು ಕೇಳಿದ. ಕೀಳು ಎಂದೆ. ಅದೂ ಹೊಸದೇ. ಆಮೇಲೆ ಸುತ್ತಿಗೆ ಹಿಡಿದು, ಬೆಂಕಿಗೂಡಿನ ಗೋಡೆಗಳನ್ನು ಬಿಗಿದಿಟ್ಟ ಬೋಲ್ಟುಗಳನ್ನು ಒಂದೊಂದಾಗಿ ಬಡಿಯುತ್ತ ಹೋದೆ. ಗಟ್ಟಿಯಿದ್ದದ್ದು ಠಣ್ ಎನ್ನುತ್ತದೆ, ಒಳಗೆ ಮುರಿದದ್ದು ಸೀಳಿದ ಗಡಿಗೆಯ ಹಾಗೆ ಬೊದ್ದು ಸದ್ದು ಮಾಡುತ್ತದೆ. ಬೊದ್ದಾದವು ಕೆಲವು ಸಿಕ್ಕವು, ಅವನ್ನೆಲ್ಲ ಬದಲಿಸಿದ. ನನ್ನ ಸಂಶಯಕ್ಕೆ ಅವನು ಹೊಂದಿಕೊಂಡುಬಿಟ್ಟ. ಇವನು ಇಷ್ಟು ಒಳ್ಳೆಯವನು ಯಾಕಿದ್ದಾನೆ ಎಂದು ನಾನೇ ತಲೆ ಕೆಡಿಸಿಕೊಂಡಿದ್ದೆ.

ಅದೇ ದಿನಗಳಲ್ಲಿ ಅಣ್ಣನ ಮೇಲೂ ನನಗೆ ಸಂಶಯ ಶುರುವಾಯಿತು. ಭಾನುವಾರ ಅವನು ಸೇಡಂ ರಸ್ತೆಯ ನಮ್ಮ ಮನೆಗೆ ಊಟಕ್ಕೆ ಬರುತ್ತಾನೆ. ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಎಂದರೆ ಅವನಿಗೆ ಪ್ರಾಣ. ಈಗ ತಾಟಿನ ಅಂಚಿಗೆ ಬಡಿಸಿದ ಹಿಂಡಿ ಅಲ್ಲೇ ಉಳಿಯುತ್ತಿತ್ತು, ನಡುವಿನ ರೊಟ್ಟಿ ಪಲ್ಯ ಮಾತ್ರ ಖಾಲಿ. ನನ್ನ ಕೈಯಡುಗೆ ಕೆಟ್ಟಿತೋ, ಅವನ ಹೆಂಡತಿ, ನನ್ನ ವೈನಿ, ಏನಾದರೂ ಕಿವಿ ಊದಿದಳೋ. ಎಂಜಿನ್ನಿನ ಸಂದುಗಳಿಗೆ ತುಂಬುವ ಗ್ರಾಫೈಟ್ ಹಗ್ಗ ತರಲು ಇಬ್ಬರೂ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಗೆ ಹೋದಾಗ, ಅಣ್ಣ ಪಕ್ಕದಿಂದ ಬಂದ ಆಟೋಗೆ ಸೀದಾ ಹಾಯ್ದ. ಆಟೋದವನು ಬೈದ, ಅಣ್ಣ ತಿರುಗಿ ಬೈಯಲಿಲ್ಲ. ಅವನು ಆಟೋದವನಿಗೆ ಬೈಗುಳದ ಬಾಕಿ ಉಳಿಸಿಕೊಂಡದ್ದನ್ನು ನಾನು ಅವತ್ತಿನವರೆಗೂ ಕಂಡಿರಲಿಲ್ಲ. ಕುಡಿಯಲು ಕಲಿತನೇ? ಹೇಳಿಕೊಳ್ಳಲು ನಾಚಿಕೆ, ನೀರು ಕೊಡುವ ನೆಪದಲ್ಲಿ ಹತ್ತಿರ ಹೋಗಿ ಬಾಯಿಯ ವಾಸನೆ ನೋಡಿದೆ. ಎಲೆ ಅಡಿಕೆ ಬಿಟ್ಟರೆ ಬೇರೇನಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಆಗಾಗ ನಮ್ಮ ಕಡೆ ಬರುತ್ತಿದ್ದ, ಹಲ್ಲುಗಳು ಮಾತ್ರ ಮೊದಲು ಇದ್ದ ಹಾಗೇ ಇದ್ದವು.

ಕಮಲಾಪುರದಲ್ಲಿ ಎಂಜಿನ್ ಹತ್ತಿದರೆ ಪ್ರತಿಯೊಂದು ಹಿಡಿಕೆಯನ್ನೂ, ನಲ್ಲಿಯನ್ನೂ ಕೈಯಿಂದ ಸವರುತ್ತ ನಿಲ್ಲುತ್ತಿದ್ದ. ಗುತ್ತಿಗೆದಾರ ಅದನ್ನು ಪ್ರೀತಿ ಎಂದ. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ, ಮನಸ್ಸು ಒಪ್ಪಲಿಲ್ಲ. ಎದುರಿಗೇ ಇರುವ ಸಲಿಕೆಯನ್ನು ಯಾರಾದರೂ ತಡಕಾಡಿ ಹುಡುಕುತ್ತಾರೆಯೇ? ವೈನಿಯನ್ನು ಕೇಳಿದರೆ, ನನಗೇನು ಗೊತ್ತು, ನಿಮ್ಮಣ್ಣನನ್ನೇ ಕೇಳು ಎಂದು ಮಾತು ತೇಲಿಸಿದಳು. ಗಂಡ ಹೆಂಡತಿ ಸೇರಿ ಏನೋ ಮುಚ್ಚಿಡುತ್ತಿದ್ದಾರೆ ಎನ್ನುವುದು ಖಾತ್ರಿಯಾಯಿತು. ಏನು ಎನ್ನುವುದು ಮಾತ್ರ ತಿಳಿಯಲಿಲ್ಲ.

ಬಾಯ್ಲರ್ ನೀರಿನ ಪರೀಕ್ಷೆಯಲ್ಲಿ ಪಾಸಾಯಿತು. ಅದರ ಕಂಠದವರೆಗೆ ತಣ್ಣೀರು ತುಂಬಿಸಿ, ಉಗಿಯಿಂದ ಬರುವುದಕ್ಕಿಂತ ಹೆಚ್ಚಿನ ಒತ್ತಡ ಬರುವವರೆಗೆ ಪಂಪು ಹೊಡೆಸಿ, ಸಂದುಸಂದಿನಲ್ಲಿ ಬೆರಳಾಡಿಸಿ ತೇವ ಹುಡುಕಿದೆ. ಒಂದು ಹನಿ ಸಿಗಲಿಲ್ಲ. ಇನ್ನು ಬೆಂಕಿ ಹಾಕಿ ಉಗಿ ಎಬ್ಬಿಸುವುದು. ನಾನು ಬರುವವರೆಗೆ ಯಾರೂ ಬೆಂಕಿ ಹಾಕಬಾರದು ಎಂದು ಎಲ್ಲರಿಗೂ ಹೇಳಿದ್ದೆ. ಆದರೆ ಅಧ್ಯಕ್ಷರ ತಾಯಿ ಮುಹೂರ್ತ ನೋಡಿಸಿದ್ದರು. ನಸುಕಿನಲ್ಲಿ ಪೂಜೆ, ಪೂಜೆಯಾದ ಕೂಡಲೇ ಬೆಂಕಿ. ನನ್ನ ಬಸ್ಸು ಹುಮನಾಬಾದ್ ರಸ್ತೆಯಲ್ಲಿ ಪಂಕ್ಚರಾಗಿ ನಿಂತಿತು.

ನಾನು ಶೆಡ್ಡು ಮುಟ್ಟಿದಾಗ ಎಂಜಿನ್ ಚೆಂಡುಹೂವಿನ ಮಾಲೆ ಹಾಕಿಕೊಂಡು ಹೊಗೆ ಬಿಡುತ್ತಿತ್ತು. ಹಣೆಗೆ ವಿಭೂತಿ, ಗಾಲಿಯ ಕೆಳಗೆ ನಿಂಬೆಹಣ್ಣು. ಅಣ್ಣ ಮೇಲೆ ನಿಂತು ಬೆಂಕಿ ಕೆದಕುತ್ತಿದ್ದ. ಬೆಂಕಿಯ ಬೆಳಕಿನಲ್ಲಿ ಅವನ ಮುಖ ನೋಡಿ ನನಗೂ ಒಂದು ಗಳಿಗೆ ಸಂತೋಷವಾಯಿತು. ಆಮೇಲೆ ರೂಢಿಯಂತೆ ಒತ್ತಡದ ಹೊಸ ಮೀಟರಿನ ಮುಳ್ಳು ನೋಡಿದೆ. ಅದು ಕೆಂಪು ಗೆರೆ ದಾಟಿ ಹೋಗಿತ್ತು. ಕೆಂಪು ಗೆರೆ ಮುಟ್ಟಿದ ಕೂಡಲೇ ಸೇಫ್ಟಿ ವಾಲ್ವ್ ತಾನಾಗಿ ಎದ್ದು ಹೆಚ್ಚಾದ ಉಗಿಯನ್ನು ಹೊರಗೆ ಬಿಡಬೇಕು. ಬಿಟ್ಟಿರಲಿಲ್ಲ.

ತಲೆ ಎತ್ತಿ ನೋಡಿದೆ. ಈ ಹಳೆಯ ಮಾದರಿಯ ಎಂಜಿನ್ನಿನಲ್ಲಿ ಬಾಯ್ಲರಿನ ನೆತ್ತಿಯಿಂದ ವಾಲ್ವಿನ ಎರಡು ಸನ್ನೆಕೋಲುಗಳು ಡ್ರೈವರ್ ನಿಲ್ಲುವ ಕಡೆಗೆ ಚಾಚಿಕೊಂಡಿರುತ್ತವೆ. ತುದಿಗಳನ್ನು ಸ್ಪ್ರಿಂಗು ಹಿಡಿದಿರುತ್ತದೆ. ಆ ಎರಡೂ ತುದಿಗಳಿಗೆ ಕೆಂಪು ದಾರ ಸುತ್ತಿ, ಅದರಲ್ಲಿ ಕುಂಕುಮ ಹಚ್ಚಿದ ದೊಡ್ಡದೊಂದು ಬೂದುಗುಂಬಳಕಾಯಿ ತೂಗುಹಾಕಿದ್ದರು. ಹೊಸ ಮನೆಗೆ ದೃಷ್ಟಿಯಾಗದಿರಲೆಂದು ಬಾಗಿಲ ಮುಂದೆ ಕಟ್ಟುತ್ತಾರಲ್ಲ, ಅದೇ. ಅದರ ಭಾರವೆಲ್ಲ ಸನ್ನೆಯ ಮೇಲೆ ಬಿದ್ದು ವಾಲ್ವನ್ನು ಏಳಗೊಡದೆ ಒತ್ತಿ ಹಿಡಿದಿತ್ತು.

ಆಗ ನಾನು ಏನೇನು ಕೂಗಿದೆನೋ ನೆನಪಿಲ್ಲ. ಎಲ್ಲರನ್ನೂ ಶೆಡ್ಡಿನಿಂದ ಹೊರಗೆ ಅಟ್ಟಿದೆ. ಗುತ್ತಿಗೆದಾರ ಬೆಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿ, ಬಾಯ್ಲರಿನೊಳಗೆ ತಣ್ಣೀರು ಬಿಟ್ಟ. ಮುಳ್ಳು ಸ್ವಲ್ಪ ಇಳಿದ ಮೇಲೆ ಬಾಳೆತೋಟದ ಕುಡುಗೋಲನ್ನು ಉದ್ದ ಕೋಲಿಗೆ ಕಟ್ಟಿ ದಾರ ಕತ್ತರಿಸಿದೆವು. ಕುಂಬಳಕಾಯಿ ನೆಲಕ್ಕೆ ಬಿದ್ದು ಒಡೆಯಿತು, ಆ ಕ್ಷಣವೇ ವಾಲ್ವ್ ಎದ್ದು ಶೆಡ್ಡೆಲ್ಲ ಬಿಳಿ ಉಗಿಯಲ್ಲಿ ಮುಳುಗಿತು. ಗುತ್ತಿಗೆದಾರನ ಕೆಲಸ ಗಟ್ಟಿಯಾಗಿದ್ದರಿಂದ ಬಾಯ್ಲರ್ ತಡೆದುಕೊಂಡಿತು.

ಒತ್ತಡ ಇಳಿದಂತೆ ನನ್ನ ಸಿಟ್ಟು ಏರಿತು. ಹಿಂದಿನ ಕೆಲವು ಡ್ರೈವರುಗಳಿಗೆ ಒಂದು ಕೆಟ್ಟ ಚಟವಿತ್ತು ಎಂದು ಕೇಳಿದ್ದೆ. ಉಗಿ ಸಾಲದಿದ್ದರೆ ಸೇಫ್ಟಿ ವಾಲ್ವಿಗೆ ಏನಾದರೂ ಭಾರ ಕಟ್ಟಿ ಒತ್ತಡ ಏರಿಸುತ್ತಿದ್ದರಂತೆ. ಪೂಜೆಯ ನೆಪದಲ್ಲಿ ಯಾರೋ ಬೇಕೆಂದೇ ಅದನ್ನು ಮಾಡಿದ್ದಾರೆ ಎನ್ನಿಸಿತು. ಇದನ್ನು ಕಟ್ಟಿದವರು ಯಾರು ಎಂದು ಎಲ್ಲರ ಮುಂದೆ ಕೇಳಿದೆ. ಗುತ್ತಿಗೆದಾರ ನೆಲ ನೋಡಿದ. ಅಧ್ಯಕ್ಷರು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಮುಂದೆ ಬಂದ.

“ನಾನೇ ಕಟ್ಟೀನಿ. ಜರಾ ಒತ್ತಡ ಏರಲಿ ಅಂತ.”

ಅಧ್ಯಕ್ಷರು ತೆರೆದ ಬಾಯಿ ಮುಚ್ಚಿಕೊಂಡರು. ನಾನು ನಂಬಿದೆ. ಯಾರು ಎಷ್ಟು ಒಳ್ಳೆಯ ಮಾತು ಹೇಳಿದರೂ ನಂಬದ ನಾನು, ಅಣ್ಣ ತನ್ನ ಬಗ್ಗೆ ಕೆಟ್ಟದ್ದೊಂದು ಹೇಳಿದ ಕೂಡಲೇ ನಂಬಿಬಿಟ್ಟೆ. ಬಾಯಿಗೆ ಬಂದಂತೆ ಬೈದೆ. ಮಕ್ಕಳು ಕೂರುವ ಗಾಡಿ ಇದು, ನಿನ್ನ ಹುಚ್ಚಿಗೆ ಎಷ್ಟು ಮನೆ ಹಾಳಾಗಬೇಕಿತ್ತು ಎಂದೆ. ಇನ್ನು ಈ ಎಂಜಿನ್ ಹತ್ತಕೂಡದು ಎಂದೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡು, ಬೇವಿನ ಗಿಡದ ಕೆಳಗೆ ಹೋಗಿ ಕೂತ.

ಅಧ್ಯಕ್ಷರ ತಾಯಿ ಶೆಡ್ಡಿನ ಹಿಂದೆ ಪ್ರಸಾದ ಹಂಚುತ್ತಿದ್ದರು. ನಡೆದದ್ದು ಏನೆಂದು ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ನನ್ನ ಕೈಗೆ ಸಜ್ಜಕ ಹಾಕುತ್ತ, ಕುಂಬಳಕಾಯಿ ಒಡೆಯಿತಂತಲ್ಲ, ಇದ್ದ ದೃಷ್ಟಿಯೆಲ್ಲ ಅದರ ಮೇಲೆ ಹೋಯಿತು ಎಂದು ಸಮಾಧಾನಪಟ್ಟರು. ಅವರ ಹಿತ್ತಲಲ್ಲೇ ಬೆಳೆದ ಕಾಯಂತೆ. ಎಲ್ಲಿ ಕಟ್ಟುವುದು ಎಂದು ಹುಡುಕುವಾಗ, ಕಟ್ಟಲೆಂದೇ ಮಾಡಿಟ್ಟಂಥ ಎರಡು ಕೊಕ್ಕೆ ಮೇಲೆ ಕಂಡವಂತೆ. ಕಟ್ಟಿದ್ದು ಯಾರು ಎಂದು ಅವರನ್ನೂ ಕೇಳಿದೆ.

“ನಾನೇ ಏಣಿ ಹಾಕಿಸಿ ವಾಚ್‌ಮನ್ ಕಡಿಂದ ಕಟ್ಟಿಸಿದೆನವ್ವಾ. ನಿಮ್ಮಣ್ಣಾರು ಅಲ್ಲೇ ಮಗ್ಗಲದಾಗ ನಿಂತಿದ್ರು. ಬ್ಯಾಡ ಅನ್ನಲಿಲ್ಲ.”

ಸೇಫ್ಟಿ ವಾಲ್ವಿನ ಸನ್ನೆಯ ಮೇಲೆ ಯಾರಾದರೂ ಕರವಸ್ತ್ರ ಒಣಹಾಕಿದರೂ ಅಣ್ಣ ಜಗಳ ತೆಗೆಯಬೇಕಾದವನು. ಅಂಥವನ ಭುಜದ ಮಗ್ಗುಲಲ್ಲೇ ಏಣಿ ಹಾಕಿ ಗಡಿಗೆಯಂಥ ಕಾಯಿ ಕಟ್ಟಿದ್ದಾರೆ, ಅವನು ಸುಮ್ಮನಿದ್ದಾನೆ. ಈಗ ತಾನು ಮಾಡದ ತಪ್ಪನ್ನು ಮೈಮೇಲೆ ಎಳೆದುಕೊಂಡಿದ್ದಾನೆ. ಈ ಮುದುಕಿಯನ್ನು ಕಾಪಾಡಲೆಂದೇ? ಅಲ್ಲ ಎನ್ನಿಸಿತು. ತಾಟಿನ ಅಂಚಿನಲ್ಲಿ ಉಳಿದ ಹಿಂಡಿ ನೆನಪಾಯಿತು, ಪಕ್ಕದಿಂದ ಬಂದ ಆಟೋ ನೆನಪಾಯಿತು. ಸಜ್ಜಕ ನನ್ನ ಕೈಯಲ್ಲೇ ಆರಿಹೋಯಿತು.

ಸಂಜೆ ಕಲಬುರಗಿಗೆ ಹಿಂತಿರುಗುವ ಬಸ್ಸಿನಲ್ಲಿ ಅಣ್ಣನ ಪಕ್ಕದಲ್ಲಿ ಕೂತೆ. ಹತ್ತುವ ಮುಂಚೆ ಕಮಲಾಪುರದ ಕೆಂಪು ಬಾಳೆಹಣ್ಣು ಕೊಂಡಿದ್ದೆ. ಒಂದು ಹಣ್ಣು ಸುಲಿದು ಅವನ ಕಿವಿಯ ನೇರಕ್ಕೆ ಹಿಡಿದೆ. ಅವನು ಎದುರಿಗೇ ನೋಡುತ್ತಿದ್ದ. ಮೆಲ್ಲಗೆ ಮುಂದಕ್ಕೆ ಸರಿಸಿದೆ. ಹಣ್ಣು ಕೆನ್ನೆ ದಾಟಿತು, ಕಣ್ಣಿನ ಕೊನೆ ದಾಟಿತು, ಅವನು ರೆಪ್ಪೆ ಕೂಡ ಅಲುಗಿಸಲಿಲ್ಲ. ಮೂಗಿನ ಮುಂದೆ ಬಂದಾಗ ಬೆಚ್ಚಿಬಿದ್ದ. ಹಣ್ಣು ತೆಗೆದುಕೊಂಡು, ನನ್ನ ಕಡೆ ಪೂರ್ತಿ ಮುಖ ತಿರುಗಿಸಿ ನೋಡಿದ.

“ತಪಾಸಣೆ ಮುಗೀತೇನು?”

ಆಮೇಲೆ ತಾನೇ ಹೇಳಿದ. ಹಲ್ಲಿನ ಡಾಕ್ಟರು ಎಂದದ್ದು ಕಣ್ಣಿನ ಡಾಕ್ಟರಂತೆ, ನಮ್ಮ ಮನೆಯಿಂದ ಕೂಗಳತೆಯಲ್ಲಿರುವ ಆಸ್ಪತ್ರೆ. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸತ್ತಿದೆಯಂತೆ. ಹೋದ ದೃಷ್ಟಿ ಬರುವುದಿಲ್ಲ, ಇದ್ದದ್ದು ಉಳಿಯಬೇಕಾದರೆ ದಿನಾ ಹನಿ ಬಿಟ್ಟುಕೊಳ್ಳಬೇಕು. ಎದುರಿಗಿನದು ಒಂದು ಬಳೆಯೊಳಗಿಂದ ನೋಡಿದಷ್ಟು ಕಾಣುತ್ತದೆ, ಪಕ್ಕದ್ದು ಇಲ್ಲವೇ ಇಲ್ಲ. ಮೀಟರಿನ ಮುಳ್ಳು ಕಂಡರೆ ಕೆಂಪು ಗೆರೆ ಕಾಣುತ್ತಿರಲಿಲ್ಲವಂತೆ. ಯಾರಿಗೂ ಹೇಳಕೂಡದೆಂದು ವೈನಿಯಿಂದ ಆಣೆ ಹಾಕಿಸಿಕೊಂಡಿದ್ದನಂತೆ. ಹಾಗಾದರೆ ಕುಂಬಳಕಾಯಿ ನಾನೇ ಕಟ್ಟಿದೆ ಎಂದು ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

“ತಪ್ಪು ಮಾಡ್ಯಾನ ಅಂದ್ರ ನಾಕು ದಿನ ಬೈತಿ, ಆಮ್ಯಾಲೆ ಹತ್ತಾಕ ಬಿಡ್ತಿ. ಕಣ್ಣು ಕಾಣಂಗಿಲ್ಲ ಅಂದ್ರ ಬಿಡ್ತಿದ್ದೇನು?”

ಬಿಡುತ್ತಿರಲಿಲ್ಲ. ನನಗೆ ಅಳು ಬಂತು, ಅಳುವಿನ ಜೊತೆಗೆ ಸಿಟ್ಟೂ ಬಂತು. ಪಕ್ಕದಲ್ಲಿ ನಿಂತವರು ಕಾಣದ ನೀನು ಮಕ್ಕಳನ್ನು ಕೂರಿಸಿಕೊಂಡು ಹೊರಟಿದ್ದೆಯಾ ಎಂದೆ. ಮಕ್ಕಳು ಬರುವ ದಿನ ಏನಾದರೂ ನೆಪ ಹೇಳಿ ಬಿಟ್ಟುಬಿಡುತ್ತಿದ್ದೆ, ಅದಕ್ಕೆ ಮುಂಚೆ ಒಂದು ಸಲ ಖಾಲಿ ಎಂಜಿನ್ ನಡೆಸಿದ್ದರೆ ನನಗೆ ಸಾಕಿತ್ತು ಎಂದ. ಇದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಖಾತ್ರಿಯಿಲ್ಲ.

ಮರುದಿನ ಅಧ್ಯಕ್ಷರಿಗೆ ಎಲ್ಲ ಹೇಳಿದೆ. ಬೇರೆ ಡ್ರೈವರನ್ನು ಹುಡುಕಲು ಒಪ್ಪಿದರು. ನಾನು ಒಂದೇ ಒಂದು ಕೇಳಿಕೊಂಡೆ. ಇನ್ನೊಮ್ಮೆ ಉಗಿ ಎಬ್ಬಿಸುವ ದಿನ, ಹಿಂದೆ ಡಬ್ಬಿ ಜೋಡಿಸದೆ, ಹೊರಗಿನವರನ್ನು ಒಳಗೆ ಬಿಡದೆ, ಎಂಜಿನ್ ಒಂದನ್ನೇ ಅಣ್ಣ ಒಂದು ಸುತ್ತು ನಡೆಸಲಿ. ಪಕ್ಕದಲ್ಲಿ ನಾನು ನಿಂತು ದಾರಿ ಹೇಳುತ್ತೇನೆ, ಬ್ರೇಕಿನ ಮೇಲೆ ಗುತ್ತಿಗೆದಾರನ ಕೈ ಇರುತ್ತದೆ. ಅಧ್ಯಕ್ಷರು ನನ್ನನ್ನೇ ಅನುಮಾನದಿಂದ ನೋಡಿದರು. ಇಂಥ ಮಾತು ನನ್ನ ಬಾಯಿಂದ ಬರುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಕಡೆಗೆ ಒಪ್ಪಿದರು.

ಆ ದಿನ ಬೆಳಿಗ್ಗೆ ಹಳಿಯ ಸುತ್ತ ನಾನೇ ನಡೆದು ನೋಡಿದೆ. ಗೇಟಿಗೆ ಬೀಗ ಹಾಕಿ, ಬೀಗ ಎಳೆದು ನೋಡಿದೆ. ಹಳಿಯ ನಡುವೆ ಮಲಗಿದ್ದ ನಾಯಿಯನ್ನು ಅಟ್ಟಿ, ಅದು ಮತ್ತೆ ಬರದಂತೆ ವಾಚ್‌ಮನ್‌ನನ್ನು ಕಾವಲಿಗೆ ನಿಲ್ಲಿಸಿದೆ. ಒತ್ತಡ ಕೆಂಪು ಗೆರೆ ಮುಟ್ಟಿದಾಗ ವಾಲ್ವ್ ತಾನಾಗಿ ಎದ್ದು, ತಾನಾಗಿ ಕೂತಿತು. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಕಲ್ಲಿದ್ದಲಿನ ಹತ್ತಿರ ಯಾರೂ ಬಿಳಿ ತೊಡುವುದಿಲ್ಲ, ಆದರೆ ಅವತ್ತು ಅವನು ಫೈರ್‌ಮನ್ ಆಗಿರಲಿಲ್ಲ. ಡ್ರೈವರನ ಜಾಗದಲ್ಲಿ ನಿಂತು ಸೀಟಿ ಹೊಡೆದ. ರೆಗ್ಯುಲೇಟರಿನ ಮೇಲೆ ಕೈಯಿಟ್ಟ.

ಮುಂದೆ ಹಳಿ ಖಾಲಿ ಇದೆಯೇ ಎಂದು ಕೇಳಿದ. ಖಾಲಿ ಇದೆ, ಹೋಗು ಎಂದೆ. ತೋಟದ ಕಡೆ ಎಂದ. ಅಲ್ಲೂ ಯಾರಿಲ್ಲ, ನಾನೇ ನಡೆದು ನೋಡಿ ಬಂದಿದ್ದೇನೆ ಎಂದೆ. ತಲೆ ಹೊರಗೆ ಚಾಚಿ, ಕುತ್ತಿಗೆಯನ್ನು ಆ ಕಡೆ ಈ ಕಡೆ ಮೆಲ್ಲಗೆ ಹೊರಳಿಸುತ್ತ ತಾನೂ ನೋಡಿದ. ಮತ್ತೆ ನನ್ನ ಕಡೆ ತಿರುಗಿದ. ಜೀವಮಾನವೆಲ್ಲ ನಾನು ಬೇರೆಯವರನ್ನು ನೋಡಿದ ನೋಟವನ್ನು ಅವತ್ತು ಅವನ ಕಣ್ಣಲ್ಲಿ ಕಂಡೆ.

“ಖರೇ ಹೇಳು. ಯಾರೂ ಇಲ್ಲೇನು?”

“ಯಾರೂ ಇಲ್ಲಣ್ಣಾ. ನನ್ನ ಮಾತು ನಂಬು.”

ಗುತ್ತಿಗೆದಾರ ಬ್ರೇಕು ಸಡಿಲಿಸಿ ಕಾಯುತ್ತಿದ್ದ. ಕಾಲ ಕೆಳಗೆ ಎಂಜಿನ್ ಉಗಿಯ ಬಿಗಿಗೆ ಸಣ್ಣಗೆ ಅದುರುತ್ತಿತ್ತು. ಅಣ್ಣ ಇನ್ನೊಮ್ಮೆ ಹಳಿಯ ಕಡೆ ಕುತ್ತಿಗೆ ಹೊರಳಿಸಿದ. ಆಮೇಲೆ ರೆಗ್ಯುಲೇಟರಿನ ಮೇಲಿಂದ ಕೈ ತೆಗೆದ.

“ನನ್ನ ಕಣ್ಣಿಗೆ ಕಾಣದ ಹಳಿ ಮ್ಯಾಲೆ ನಾ ಇಂಜಿನ್ ನಡಸಂಗಿಲ್ಲ, ತಂಗಿ. ನೀ ಹೇಳಿದ್ರೂ ನಡಸಂಗಿಲ್ಲ.”

ಹತ್ತು ಮಾರಾದರೂ ಹೋಗು ಎಂದು ಬೇಡಿಕೊಂಡೆ. ನನ್ನ ಆಣೆ ಎಂದೆ. ಅವನು ಗುತ್ತಿಗೆದಾರನಿಗೆ ಜಾಗ ಬಿಟ್ಟುಕೊಟ್ಟು, ಕಾಲಿನಿಂದ ಮೆಟ್ಟಿಲು ಹುಡುಕುತ್ತ ಕೆಳಗಿಳಿದ. ನಾನೂ ಇಳಿದೆ. ಎಂಜಿನ್ ನಮ್ಮಿಬ್ಬರನ್ನೂ ಬಿಟ್ಟು ಹೊರಟು, ಬಾಳೆತೋಟದ ಮಗ್ಗುಲಿಗೆ ಹೊರಳಿತು. ಅಣ್ಣ ಬಿಳಿ ಅಂಗಿಯಲ್ಲಿ ಹಳಿಯಿಂದ ದೂರ ನಿಂತು, ಎಲ್ಲಿ ಹೋಯಿತು, ಈಗ ಎಲ್ಲಿ ಬಂತು ಎಂದು ನನ್ನನ್ನು ಕೇಳುತ್ತಲೇ ಇದ್ದ. ನಾನು ಹೇಳುತ್ತಲೇ ಇದ್ದೆ.